ಶುಗರ್ ಇನ್ನೂ ಗಡಿ ದಾಟಿಲ್ಲ, ಆದರೂ ಹೃದಯದ ಮಾತು ಯಾಕೆ?

ಪ್ರಶ್ನೆ: ನನಗೆ 46 ವರ್ಷ. ಡೊಂಬಿವಲಿಯಲ್ಲಿ ಮನೆ, ಫೋರ್ಟ್‌ನಲ್ಲಿ ಆಫೀಸು, ಕೂತು ಮಾಡುವ ಅಕೌಂಟ್ಸ್ ಕೆಲಸ. ಎತ್ತರ 168 ಸೆಂ.ಮೀ., ತೂಕ 67 ಕಿಲೋ. ಯಾರೂ ನನ್ನನ್ನು ದಪ್ಪ ಅನ್ನುವುದಿಲ್ಲ. ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ, ಅಳೆದರೆ 96 ಸೆಂ.ಮೀ. ಆಫೀಸಿನ ಚೆಕಪ್‌ನಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.1, ಖಾಲಿ ಹೊಟ್ಟೆಯ ಶುಗರ್ 114, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 212, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ 35, ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ 131, ಬಿಪಿ 138/88 ಬಂತು. ಸೋನೋಗ್ರಫಿಯಲ್ಲಿ ಲಿವರ್‌ನಲ್ಲಿ ಕೊಬ್ಬು ಕಂಡಿದೆ. ನಮ್ಮ ಡಾಕ್ಟರು 'ಹೊಟ್ಟೆಯ ಕೊಬ್ಬಿನಲ್ಲಿ ಉರಿಯೂತ ಇರುತ್ತದೆ, ಹೃದಯದ ಕಡೆ ಗಮನ ಕೊಡಿ' ಎಂದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದರು. ನನಗೆ ಎಲ್ಲೂ ನೋವಿಲ್ಲ, ಜ್ವರವಿಲ್ಲ. ಶುಗರ್ ಕೂಡ ಬಾರ್ಡರ್‌ನಲ್ಲೇ ಇದೆ. ಹಾಗಿರುವಾಗ ಉರಿಯೂತ ಎಲ್ಲಿಂದ ಬಂತು? ಉರಿಯೂತ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಲೇ? ಅರಿಶಿನದ ಮಾತ್ರೆ ಸಾಕಾಗುತ್ತದೆಯೇ? ಸ್ಟ್ಯಾಟಿನ್‌ನಿಂದ ಶುಗರ್ ಏರುತ್ತದಂತೆ, ಆ ಭಯಕ್ಕೆ ಇನ್ನೂ ಶುರು ಮಾಡಿಲ್ಲ. ನಮ್ಮ ತಂದೆ 54ಕ್ಕೆ ಹಾರ್ಟ್ ಅಟ್ಯಾಕ್‌ನಿಂದ ತೀರಿಕೊಂಡರು.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಮೊದಲ ಸಾಲು ಎಂದೇ ಓದಿದೆ. ತಂದೆ 54ಕ್ಕೆ ಹೋಗಿದ್ದಾರೆ, ನಿಮಗೆ ಈಗ 46. ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ. ಶುಗರ್ ಸಕ್ಕರೆ ಕಾಯಿಲೆಯ ಗಡಿಯಾದ 6.5 ಮುಟ್ಟಲಿ ಎಂದು ಹೃದಯ ಕಾಯುತ್ತಾ ಕೂರುವುದಿಲ್ಲ. 6.1ರ ಶುಗರ್, ಏರಿದ ಟ್ರೈಗ್ಲಿಸರೈಡ್, ಇಳಿದ ಎಚ್‌ಡಿಎಲ್, ಲಿವರ್‌ನ ಕೊಬ್ಬು, ಬಿಪಿ ಎಲ್ಲವೂ ಬೇರೆ ಬೇರೆ ತೊಂದರೆಗಳ ಹಾಗೆ ಕಾಣುತ್ತವೆ. ಬಹುಪಾಲು ಇವೆಲ್ಲಕ್ಕೂ ಬೇರು ಒಂದೇ, ಅದು ಹೊಟ್ಟೆಯೊಳಗಿನ ಕೊಬ್ಬು. ಶುಗರ್ ಏರಿಸುತ್ತಿರುವುದೂ ಅದೇ, ರಕ್ತನಾಳ ಕೆಡಿಸುತ್ತಿರುವುದೂ ಅದೇ. ಎರಡೂ ಕೆಲಸ ಒಟ್ಟಿಗೇ ನಡೆಯುತ್ತವೆ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಸುಮಾರು ಒಂದು ಕೋಟಿ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬಂತು. ಶುಗರ್ ಸರಿಯಾಗಿರುವವರಿಗಿಂತ ಪ್ರಿಡಯಾಬಿಟಿಸ್, ಅಂದರೆ ನಿಮ್ಮ ಹಾಗೆ ಬಾರ್ಡರ್ ಶುಗರ್, ಇರುವವರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಸುಮಾರು 15 ಶೇಕಡಾ ಜಾಸ್ತಿ ಎಂದು ಅದರಲ್ಲಿ ಕಂಡಿತು. 15 ಶೇಕಡಾ ಕೇಳಲು ಸಣ್ಣದು. ಆದರೆ ಅದು ಎಲ್ಲರ ಸರಾಸರಿ. ಮನೆತನದಲ್ಲಿ ಹೃದಯದ ಕಾಯಿಲೆ ಇದ್ದು, ಎಚ್‌ಡಿಎಲ್ 35 ಇರುವ ನಿಮ್ಮಂಥವರು ಆ ಸರಾಸರಿಯನ್ನು ನೋಡಿ ಸಮಾಧಾನ ಪಡುವ ಹಾಗಿಲ್ಲ. ನಮ್ಮ ದೇಶದಲ್ಲಿ 13.6 ಕೋಟಿ ಜನರಿಗೆ ಪ್ರಿಡಯಾಬಿಟಿಸ್ ಇದೆ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ಅಂದಾಜು ಮಾಡಿತು. ಸಕ್ಕರೆ ಕಾಯಿಲೆ ಇರುವವರಿಗಿಂತ ಇವರ ಸಂಖ್ಯೆಯೇ ದೊಡ್ಡದು.

ಈಗ ನಿಮ್ಮನ್ನು ಜಾಸ್ತಿ ಕಾಡುತ್ತಿರುವ ಪ್ರಶ್ನೆ. ದಪ್ಪ ಇಲ್ಲದವನಿಗೆ ಇದು ಹೇಗೆ ಬಂತು?

ನಾನಿರುವ ಪುಣೆಯಲ್ಲೇ ಇದಕ್ಕೆ ಉತ್ತರ ಹುಡುಕುವ ದೊಡ್ಡ ಕೆಲಸ ನಡೆದಿದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಜೊತೆ ನಿಂತು ತೆಗೆಸಿಕೊಂಡ ಫೋಟೊ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ 22.3. ಆದರೆ ದೇಹದ ಕೊಬ್ಬು ಅಳೆದಾಗ ಯುಡ್ಕಿನ್ ಅವರಿಗೆ 9.1 ಶೇಕಡಾ, ಯಾಜ್ಞಿಕ್ ಅವರಿಗೆ 21.2 ಶೇಕಡಾ. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳನ್ನೂ ಇದೇ ತಂಡ ಅಳೆದು ನೋಡಿತು. ಸರಾಸರಿ ತೂಕ 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಮಾಂಸಖಂಡ ತೀರಾ ಕಡಿಮೆ, ಆದರೆ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಅಂದರೆ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಜಾಸ್ತಿ ಇರುವ ಮೈಕಟ್ಟು ನಮ್ಮಲ್ಲಿ ಹುಟ್ಟಿನಿಂದಲೇ ಇದೆ. ನಿಮ್ಮ ಬಿಎಂಐ 23.7 ಆಗುತ್ತದೆ. ಯುರೋಪಿನವರಿಗೆ ಅದು ಸರಿಯಾದ ತೂಕ. ಭಾರತೀಯರಿಗೆ 23 ದಾಟಿದರೆ ಜಾಸ್ತಿ ಎಂದೇ ಲೆಕ್ಕ. ಹೊಟ್ಟೆಯ ಸುತ್ತಳತೆ ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗೆ ಇರಬೇಕು. ನಿಮ್ಮದು 96.

ಚರ್ಮದ ಕೆಳಗಿನ ಕೊಬ್ಬನ್ನು ಮನೆಯ ಅಟ್ಟ ಅಂದುಕೊಳ್ಳಿ. ಮಿಕ್ಕ ಸಾಮಾನೆಲ್ಲ ಅಲ್ಲಿ ಹೋಗಿ ಕೂತರೆ ಮನೆಗೆ ತೊಂದರೆ ಇಲ್ಲ. ಅಟ್ಟ ಚಿಕ್ಕದಾಗಿ ಬೇಗ ತುಂಬಿಬಿಟ್ಟರೆ, ಆಮೇಲೆ ಬಂದದ್ದೆಲ್ಲ ಅಡುಗೆಮನೆಗೆ, ನಡುಮನೆಗೆ, ಓಡಾಡುವ ದಾರಿಗೆ ಬೀಳುತ್ತದೆ. ನಮ್ಮವರಲ್ಲಿ ಅಟ್ಟ ಚಿಕ್ಕದು ಎಂಬುದು ಅನೇಕ ಸಂಶೋಧಕರ ವಿವರಣೆ. ಹಾಗಾಗಿ ಮಿಕ್ಕ ಕೊಬ್ಬು ಕರುಳಿನ ಸುತ್ತ, ಲಿವರ್‌ನಲ್ಲಿ, ಮಾಂಸಖಂಡದಲ್ಲಿ, ಕೊನೆಗೆ ಹೃದಯದ ಮೈಮೇಲೂ ಸೇರುತ್ತದೆ.

ಇಲ್ಲಿ ಉರಿಯೂತ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೊಬ್ಬಿನ ಕೋಶ ತುಂಬುತ್ತಾ ತುಂಬುತ್ತಾ ದೊಡ್ಡದಾಗುತ್ತದೆ. ಒಂದು ಮಿತಿ ದಾಟಿದ ಮೇಲೆ ಅದಕ್ಕೆ ಆಮ್ಲಜನಕ ಸರಿಯಾಗಿ ಸಿಗುವುದಿಲ್ಲ. ಕೆಲವು ಕೋಶಗಳು ಸಾಯುತ್ತವೆ. ಸತ್ತದ್ದನ್ನು ತೆಗೆದು ಹಾಕಲು ನಮ್ಮ ರೋಗನಿರೋಧಕ ವ್ಯವಸ್ಥೆಯ ಮ್ಯಾಕ್ರೋಫೇಜ್ ಎಂಬ ಬಿಳಿ ಕೋಶಗಳು ಬಂದು ಅವುಗಳನ್ನು ಸುತ್ತುವರಿಯುತ್ತವೆ. ಗಾಯ ಆದಾಗಲೂ ಇವೇ ಬರುವುದು. ಗಾಯದಲ್ಲಿ ಕೆಲಸ ಮುಗಿಸಿ ಹೊರಡುತ್ತವೆ. ಇಲ್ಲಿ ಕೆಲಸ ಮುಗಿಯುವುದೇ ಇಲ್ಲ, ಯಾಕೆಂದರೆ ದಿನವೂ ಹೊಸ ಕೊಬ್ಬು ಬರುತ್ತಲೇ ಇರುತ್ತದೆ. 2003ರಲ್ಲಿ ಅಮೆರಿಕದ ವಿಜ್ಞಾನಿಗಳು ಲೆಕ್ಕ ಹಾಕಿದಾಗ, ತೆಳ್ಳಗಿನವರ ಕೊಬ್ಬಿನ ಅಂಗಾಂಶದಲ್ಲಿ ಮ್ಯಾಕ್ರೋಫೇಜ್‌ಗಳು 10 ಶೇಕಡಾಕ್ಕಿಂತ ಕಡಿಮೆ ಇದ್ದವು. ಬೊಜ್ಜು ಇರುವವರಲ್ಲಿ 40 ಶೇಕಡಾದ ಹತ್ತಿರ ಹೋಗಿದ್ದವು. ಇದು ಕೆಂಪಾಗಿ ಊದಿಕೊಂಡು ನೋಯುವ ಉರಿಯೂತ ಅಲ್ಲ. ಜ್ವರ ಬರುವುದಿಲ್ಲ. ಹಾಗಾಗಿ ನಿಮಗೆ ಏನೂ ಗೊತ್ತಾಗಿಲ್ಲ.

ಈ ಬಿಳಿ ಕೋಶಗಳು ಮತ್ತು ನರಳುತ್ತಿರುವ ಕೊಬ್ಬಿನ ಕೋಶಗಳು ಸೇರಿ ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಕೊಬ್ಬಿನಿಂದ ಟಿಎನ್‌ಎಫ್ ಬರುತ್ತದೆ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ ಎಂದು 1993ರಲ್ಲೇ ಇಲಿಗಳಲ್ಲಿ ತೋರಿಸಿದ್ದರು. ಇನ್ಸುಲಿನ್ ಮಾತು ನಡೆಯದಿದ್ದರೆ ಎರಡು ಕೆಲಸ ಕೆಡುತ್ತವೆ. ಒಂದು, ಮಾಂಸಖಂಡಕ್ಕೆ ಸಕ್ಕರೆ ಸರಿಯಾಗಿ ಸೇರುವುದಿಲ್ಲ. ಇನ್ನೊಂದನ್ನು ಜನ ಅಷ್ಟಾಗಿ ಕೇಳಿರುವುದಿಲ್ಲ. ಕೊಬ್ಬನ್ನು ಕೋಶದೊಳಗೇ ಇರುವಂತೆ ತಡೆಹಿಡಿಯುವುದೂ ಇನ್ಸುಲಿನ್ ಕೆಲಸವೇ. ಆ ತಡೆ ಸಡಿಲವಾದರೆ ಕೊಬ್ಬಿನಾಮ್ಲ ಸೋರುತ್ತದೆ. ಕರುಳಿನ ಸುತ್ತಲಿನ ಕೊಬ್ಬಿನಿಂದ ಹೊರಡುವ ರಕ್ತನಾಳ ನೇರವಾಗಿ ಲಿವರ್‌ಗೇ ಹೋಗುತ್ತದೆ. ಲಿವರ್ ಅದನ್ನೆಲ್ಲ ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ, ಉಳಿದದ್ದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಟ್ರೈಗ್ಲಿಸರೈಡ್ ಏರಿದಂತೆ ಎಚ್‌ಡಿಎಲ್ ಇಳಿಯುತ್ತದೆ. ಎಲ್‌ಡಿಎಲ್ ಕಣಗಳು ಚಿಕ್ಕದಾಗಿ, ದಟ್ಟವಾಗಿ, ನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುವಂತಾಗುತ್ತವೆ. ನಿಮ್ಮ ರಿಪೋರ್ಟನ್ನು ಈಗ ಇನ್ನೊಮ್ಮೆ ಕೈಗೆ ತೆಗೆದುಕೊಂಡು ನೋಡಿ. 212, 35, ಲಿವರ್‌ನ ಕೊಬ್ಬು, 114. ಈ ಕಥೆಯೇ ಅಲ್ಲಿ ಸಾಲಾಗಿ ಬರೆದಿದೆ, ಅಲ್ವಾ?

ರಕ್ತನಾಳದ ಒಳಪದರ ತುಂಬ ಸೂಕ್ಷ್ಮ. ಅದು ನೈಟ್ರಿಕ್ ಆಕ್ಸೈಡ್ ತಯಾರಿಸಿ ನಾಳವನ್ನು ಸಡಿಲವಾಗಿ, ನುಣುಪಾಗಿ ಇಡುತ್ತದೆ. ಉರಿಯೂತದ ರಾಸಾಯನಿಕಗಳು ದಿನರಾತ್ರಿ ಹರಿಯುತ್ತಿದ್ದರೆ ಈ ತಯಾರಿ ಕುಗ್ಗುತ್ತದೆ. ನಾಳ ಬಿಗಿಯಾಗುತ್ತದೆ, ಬಿಪಿ ಏರುವುದಕ್ಕೆ ಅದೂ ಒಂದು ಕಾರಣ. ಒಳಪದರ ಅಂಟಂಟಾಗಿ ಬಿಳಿ ಕೋಶಗಳು ಅಲ್ಲಿ ಹಿಡಿದುಕೊಂಡು ಗೋಡೆಯೊಳಗೆ ಇಳಿಯುತ್ತವೆ, ಅಲ್ಲಿ ಸೇರಿಕೊಂಡ ಕೊಲೆಸ್ಟ್ರಾಲನ್ನು ನುಂಗಿ ಗಡ್ಡೆ ಕಟ್ಟುತ್ತವೆ. ಹಾರ್ಟ್ ಅಟ್ಯಾಕ್ ಸಾಮಾನ್ಯವಾಗಿ ಆಗುವುದು ಆ ಗಡ್ಡೆಯ ಮೇಲಿನ ತೆಳು ಮುಚ್ಚಳ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಮುಚ್ಚಳವನ್ನು ಸವೆಸುವುದೂ ಉರಿಯೂತವೇ. ಹೊಟ್ಟೆಯ ಕೊಬ್ಬು ಪಿಎಐ-1 ಎಂಬ ಇನ್ನೊಂದು ವಸ್ತುವನ್ನು ಬಿಡುತ್ತದೆ, ಅದು ಹೆಪ್ಪು ಕರಗದಂತೆ ತಡೆಯುತ್ತದೆ. ಇದರ ನಡುವೆ, ನಾಳವನ್ನು ಕಾಪಾಡುವ ಅಡಿಪೋನೆಕ್ಟಿನ್ ಎಂಬ ಒಳ್ಳೆಯ ಹಾರ್ಮೋನು ಇದೇ ಕೊಬ್ಬಿನಿಂದ ಬರಬೇಕಿತ್ತು. ಅದು ಕಡಿಮೆಯಾಗುತ್ತದೆ.

ಹೃದಯದ ಮೇಲೆ ಕೂತ ಕೊಬ್ಬಿನ ವಿಷಯ ಇನ್ನೂ ನೇರ. ಅದಕ್ಕೂ ಹೃದಯದ ಸ್ನಾಯುವಿಗೂ ನಡುವೆ ಯಾವ ಪರದೆಯೂ ಇಲ್ಲ. ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳು ಆ ಕೊಬ್ಬಿನ ಒಳಗಿಂದಲೇ ಹಾದು ಹೋಗುತ್ತವೆ. ಅಲ್ಲಿ ಉರಿಯೂತ ಇದ್ದರೆ ಅದರ ರಾಸಾಯನಿಕ ರಕ್ತದಲ್ಲಿ ಸುತ್ತು ಹೊಡೆಯಬೇಕಾಗಿಲ್ಲ, ಪಕ್ಕದ ಗೋಡೆಗೆ ನೇರ ತಾಗುತ್ತದೆ. ಸ್ನಾಯು ಗಡುಸಾಗುವುದು, ಹೃದಯದ ಬಡಿತ ತಾಳ ತಪ್ಪುವುದು ಇದಕ್ಕೂ ಈ ಕೊಬ್ಬಿಗೂ ನಂಟಿದೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ.

ಇಷ್ಟೆಲ್ಲ ಕೇಳಿದ ಮೇಲೆ, ಉರಿಯೂತವನ್ನೇ ನಿಲ್ಲಿಸುವ ಮಾತ್ರೆ ಕೊಟ್ಟರಾಯಿತಲ್ಲ ಅನ್ನಿಸುವುದು ಸಹಜ. ಅದನ್ನೂ ಪರೀಕ್ಷಿಸಿದ್ದಾರೆ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಎಂಬ ಪ್ರಯೋಗದಲ್ಲಿ, ಒಮ್ಮೆ ಹಾರ್ಟ್ ಅಟ್ಯಾಕ್ ಆಗಿ ಸಿಆರ್‌ಪಿ ಜಾಸ್ತಿ ಇದ್ದ 10,061 ಜನ ಭಾಗವಹಿಸಿದರು. ಉರಿಯೂತದ ಒಂದು ಸಂದೇಶವನ್ನು ಮಾತ್ರ ತಡೆಯುವ ಇಂಜೆಕ್ಷನ್ ಕೊಟ್ಟಾಗ ಮತ್ತೆ ಹೃದಯದ ಆಘಾತ ಆಗುವುದು ಸುಮಾರು 15 ಶೇಕಡಾ ಇಳಿಯಿತು, ಅದೂ ಕೊಲೆಸ್ಟ್ರಾಲ್ ಇಳಿಯದೆ. ಉರಿಯೂತಕ್ಕೆ ಇದರಲ್ಲಿ ನಿಜವಾದ ಪಾಲಿದೆ ಎಂಬುದಕ್ಕೆ ನಾನು ತುಂಬ ಬೆಲೆ ಕೊಡುವ ಪುರಾವೆ ಇದು. ಆದರೆ ಆ ಔಷಧಿಯಿಂದ ಪ್ರಾಣಾಂತಿಕ ಸೋಂಕುಗಳೂ ಸ್ವಲ್ಪ ಹೆಚ್ಚಾದವು. ನಿಮ್ಮಂಥವರಿಗೆ ಅದು ಬೇಡ. ಬೆಂಕಿಗೆ ಸೌದೆ ಒದಗಿಸುತ್ತಿರುವ ಕೊಬ್ಬನ್ನೇ ಇಳಿಸಬಹುದಾದಾಗ ಬೇರೆ ದಾರಿ ಯಾಕೆ?

ಅರಿಶಿನದ ಮಾತ್ರೆಗೂ ಇದೇ ಉತ್ತರ. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನ ಹಾಗೇ ಇರಲಿ. ಆದರೆ ಕರ್ಕ್ಯುಮಿನ್ ಮಾತ್ರೆ ತಿಂದು ಹಾರ್ಟ್ ಅಟ್ಯಾಕ್ ತಪ್ಪಿತು ಎಂದು ತೋರಿಸಿದ ದೊಡ್ಡ ಪ್ರಯೋಗ ಯಾವುದೂ ಇಲ್ಲ. ಜಾಸ್ತಿ ಹೀರಿಕೊಳ್ಳುವಂತೆ ಮಾಡಿದ ಇಂಥ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ. ನಿಮ್ಮ ಲಿವರ್‌ನಲ್ಲಿ ಆಗಲೇ ಕೊಬ್ಬಿದೆ. ದಯವಿಟ್ಟು ಬೇಡ.

ಸಿಆರ್‌ಪಿ ಟೆಸ್ಟ್ ಬಗ್ಗೆ ಕೇಳಿದ್ದೀರಿ. ಇಲ್ಲಿ ಬೇಕಾದ್ದು ಎಚ್‌ಎಸ್-ಸಿಆರ್‌ಪಿ, ಅಂದರೆ ಸಣ್ಣ ಪ್ರಮಾಣವನ್ನೂ ಹಿಡಿಯುವ ಟೆಸ್ಟ್. 1ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, 3 ದಾಟಿದರೆ ಅಪಾಯ ಜಾಸ್ತಿ, 10 ದಾಟಿದರೆ ಎಲ್ಲೋ ಸೋಂಕು ಇರಬಹುದು, ವಾಸಿಯಾದ ಮೇಲೆ ಮತ್ತೆ ನೋಡಬೇಕು. ಒಂದು ನೆಗಡಿ, ಒಂದು ಹಲ್ಲುನೋವು ಸಾಕು ಅದನ್ನು ಏರಿಸಲು. ನಿಮ್ಮ ವಿಷಯದಲ್ಲಿ ಇದನ್ನು ಮಾಡಿಸಿದರೂ ನಾನು ಹೇಳುವ ಮಾತು ಬದಲಾಗುವುದಿಲ್ಲ. 96 ಎಂದು ತೋರಿಸಿದ ಟೇಪೇ ಬೇಕಾದ್ದನ್ನು ಹೇಳಿಬಿಟ್ಟಿದೆ. ಆ ದುಡ್ಡಿಗೆ ಲೈಪೊಪ್ರೊಟೀನ್(ಎ) ಎಂಬ ಕೊಲೆಸ್ಟ್ರಾಲ್ ಕಣದ ಟೆಸ್ಟ್ ಮಾಡಿಸಿ. ಅದು ಹುಟ್ಟಿನಿಂದ ಬರುವಂಥದ್ದು, ಜೀವನದಲ್ಲಿ ಒಮ್ಮೆ ನೋಡಿದರೆ ಸಾಕು. ತಂದೆಗೆ 54ಕ್ಕೇ ಆಗಿರುವಾಗ ಅದನ್ನು ತಿಳಿದುಕೊಳ್ಳುವುದು ಮುಖ್ಯ.

ಸ್ಟ್ಯಾಟಿನ್ ಭಯದ ಬಗ್ಗೆ ನಾನು ಗಟ್ಟಿಯಾಗಿ ಹೇಳಲೇಬೇಕು. ಅದು ಶುಗರನ್ನು ಸ್ವಲ್ಪ ಏರಿಸಬಹುದು ಎಂಬುದು ನಿಜ. ಎಷ್ಟು ಎಂಬುದಕ್ಕೂ ಲೆಕ್ಕ ಇದೆ. 2010ರಲ್ಲಿ ಅನೇಕ ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, 255 ಜನ 4 ವರ್ಷ ಸ್ಟ್ಯಾಟಿನ್ ತೆಗೆದುಕೊಂಡರೆ ಹೆಚ್ಚುವರಿಯಾಗಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬರುತ್ತದೆ ಎಂದು ಕಂಡಿತು. ಅಷ್ಟೇ ಜನರಲ್ಲಿ, ಅಷ್ಟೇ ಅವಧಿಯಲ್ಲಿ ತಪ್ಪುವ ಹೃದಯದ ಆಘಾತಗಳು ಸುಮಾರು 5. ಆ ಒಬ್ಬರು ಕೂಡ ಹೆಚ್ಚಾಗಿ ಮೊದಲೇ ಅಂಚಿನಲ್ಲಿದ್ದವರು. ಶುಗರನ್ನು ನಾವು ಹಿಡಿತಕ್ಕೆ ತರಬಹುದು. ಸತ್ತ ಹೃದಯದ ಸ್ನಾಯುವನ್ನು ಮರಳಿ ತರಲು ಆಗುವುದಿಲ್ಲ. ಸ್ಟ್ಯಾಟಿನ್ ಎಲ್‌ಡಿಎಲ್ ಜೊತೆಗೆ ಉರಿಯೂತವನ್ನೂ ಇಳಿಸುತ್ತದೆ. ನಿಮ್ಮ ಡಾಕ್ಟರು ಯೋಚಿಸಿಯೇ ಬರೆದಿದ್ದಾರೆ. ಭಯ ಇದ್ದರೆ ಅವರ ಮುಂದೆ ಕೂತು ಮಾತಾಡಿ, ಆದರೆ ಮಾತ್ರೆಯನ್ನು ಡ್ರಾಯರ್‌ನಲ್ಲಿ ಇಟ್ಟುಕೊಂಡು ದಿನ ತಳ್ಳಬೇಡಿ.

ಈಗ ಕೊಬ್ಬು ಇಳಿಸುವ ವಿಷಯ. ಆಪರೇಷನ್ ಮಾಡಿ ಹೀರಿ ತೆಗೆಸಿಕೊಂಡರೆ ಆಗದೇ ಎಂದು ಕೆಲವರು ನನ್ನನ್ನು ಕೇಳುತ್ತಾರೆ. 2004ರಲ್ಲಿ ಅಮೆರಿಕದಲ್ಲಿ 15 ಹೆಂಗಸರ ಚರ್ಮದ ಕೆಳಗಿನ ಕೊಬ್ಬನ್ನು ಲೈಪೊಸಕ್ಷನ್‌ನಿಂದ ತೆಗೆದರು, ಒಬ್ಬೊಬ್ಬರಿಂದ ಸರಾಸರಿ 9ರಿಂದ 10.5 ಕಿಲೋ. ಮೂರು ತಿಂಗಳ ನಂತರ ನೋಡಿದರೆ ಇನ್ಸುಲಿನ್ ಕೆಲಸ, ಬಿಪಿ, ಸಿಆರ್‌ಪಿ ಯಾವುದೂ ಸುಧಾರಿಸಿರಲಿಲ್ಲ. ತೆಗೆದದ್ದು ಅಟ್ಟದ ಸಾಮಾನು, ನಡುಮನೆಯದ್ದು ಹಾಗೇ ಇತ್ತು. ಸಮಾಧಾನದ ಮಾತೆಂದರೆ, ನಡೆದಾಡಿದಾಗ, ಊಟ ಇಳಿಸಿದಾಗ ಸುಲಭವಾಗಿ ಕರಗುವುದು ಈ ಒಳಗಿನ ಕೊಬ್ಬೇ. ತೂಕದ ಮುಳ್ಳು ಅಷ್ಟಾಗಿ ಅಲ್ಲಾಡದಿದ್ದರೂ ಬೆಲ್ಟಿನ ತೂತು ಒಳಗೆ ಸರಿಯುತ್ತದೆ. ಆದ್ದರಿಂದ ತೂಕಕ್ಕಿಂತ ಟೇಪನ್ನು ನಂಬಿ. ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ, ತಿಂಗಳಿಗೆ ಎರಡು ಸಲ ಅಳೆಯಿರಿ. ಮೊದಲು 90ರ ಒಳಗೆ ಬನ್ನಿ. ತೂಕದಲ್ಲಿ 4ರಿಂದ 5 ಕಿಲೋ ಇಳಿದರೂ ತುಂಬ ಆಯಿತು.

ಲೋಕಲ್‌ನಲ್ಲಿ ಹೋಗಿ ಬರುವುದಕ್ಕೇ ದಿನಕ್ಕೆ ಮೂರು ತಾಸು ಹೋಗುವವರಿಗೆ 'ಜಿಮ್‌ಗೆ ಸೇರಿ' ಎಂದು ಹೇಳಿ ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಸಿಎಸ್‌ಎಂಟಿಯಿಂದ ಫೋರ್ಟ್‌ಗೆ ಶೇರ್ ಟ್ಯಾಕ್ಸಿ ಹಿಡಿಯುತ್ತಿದ್ದರೆ ಬಿಡಿ, ಎರಡೂ ಹೊತ್ತು ಬಿರಬಿರನೆ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ವಾರಕ್ಕೆ 150 ನಿಮಿಷ ಅದರಲ್ಲೇ ಬಹುಪಾಲು ಆಗುತ್ತದೆ. ಮಧ್ಯಾಹ್ನದ ಡಬ್ಬಿ ಮುಗಿಸಿದ ಕೂಡಲೇ ಕುರ್ಚಿಗೆ ಮರಳದೆ ಹತ್ತು ನಿಮಿಷ ಓಡಾಡಿ. ಮಾಂಸಖಂಡ ಕೆಲಸ ಮಾಡುವಾಗ ಇನ್ಸುಲಿನ್ ಸಹಾಯ ಇಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಹುಟ್ಟಿನಿಂದಲೇ ನಮ್ಮಲ್ಲಿ ಮಾಂಸಖಂಡ ಕಡಿಮೆ ಎಂದೆನಲ್ಲ, ಹಾಗಾಗಿ ವಾರಕ್ಕೆ ಎರಡು ದಿನ ಬಸ್ಕಿ, ಗೋಡೆಗೆ ಕೈ ಊರಿ ದಂಡ, ಇಂಥವು ಮನೆಯಲ್ಲೇ ಮಾಡಿ. ಒಂದು ಎಚ್ಚರಿಕೆ. ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಎದೆ ಹಿಡಿದಂತೆ, ದವಡೆಗೋ ಎಡಗೈಗೋ ನೋವು ಎಳೆದಂತೆ, ಮೊದಲಿಲ್ಲದ ಏದುಸಿರು ಬಂದಂತೆ ಆದರೆ ವ್ಯಾಯಾಮದ ಮಾತೇ ಬೇಡ. ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಕೂತಾಗಲೂ ನೋವು ಹೋಗದಿದ್ದರೆ ಮನೆಗೆ ಹೋಗುವ ಟ್ರೇನ್ ಹತ್ತಬೇಡಿ, ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಊಟದಲ್ಲಿ ನಿಮ್ಮ ದೊಡ್ಡ ಶತ್ರು ಬಹುಶಃ ಸಂಜೆ ಮತ್ತು ರಾತ್ರಿ. ಆರು ಗಂಟೆಗೆ ಹಸಿವಾಗಿ ವಡಾಪಾವ್, ಸಕ್ಕರೆ ಚಹಾ. ಮನೆ ಮುಟ್ಟಿ ಹತ್ತಕ್ಕೆ ತಟ್ಟೆ ತುಂಬ ಅನ್ನ, ಆಮೇಲೆ ನೇರ ಹಾಸಿಗೆ. ಮುಂಬೈಯಲ್ಲಿ ನಮ್ಮವರ ಮನೆಮನೆಯಲ್ಲೂ ಇದೇ ನಡೆಯುತ್ತದೆ. ಸಂಜೆಗೆ ಒಂದು ಹಿಡಿ ಹುರಿಗಡಲೆ ಅಥವಾ ಶೇಂಗಾ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ರಾತ್ರಿ ಅನ್ನ ಅರ್ಧ ಮಾಡಿ, ಆ ಜಾಗಕ್ಕೆ ಹುರುಳಿ, ಹೆಸರುಕಾಳು, ಮಟಕಿ ಉಸಳ್, ಬಸಳೆ, ಸೊಪ್ಪಿನ ಪಲ್ಯ ಬರಲಿ. ಮೀನು ತಿನ್ನುವವರಾದರೆ ಬಂಗುಡೆ, ಬೂತಾಯಿಯಷ್ಟು ಒಳ್ಳೆಯದು ಬೇರೆ ಇಲ್ಲ. ಒಮೇಗಾ-3 ಕೊಬ್ಬು ಅವುಗಳಲ್ಲಿ ಧಾರಾಳವಾಗಿದೆ, ಬೆಲೆಯೂ ಪಾಪ್ಲೆಟ್‌ನಷ್ಟು ಇಲ್ಲ. ರವಾ ಹಚ್ಚಿ ಎಣ್ಣೆಯಲ್ಲಿ ಕರಿಯದೆ ಗಸಿ ಮಾಡಿ ತಿನ್ನಿ. ಕುಡಿತ ಇದ್ದರೆ ಲಿವರ್ ಸರಿಹೋಗುವ ತನಕ ನಿಲ್ಲಿಸಿ. ತಂಬಾಕು ಯಾವ ರೂಪದಲ್ಲಿದ್ದರೂ ಪೂರ್ತಿ ಬಿಡಿ. ನಿದ್ದೆ ಆರು ತಾಸಿಗಿಂತ ಕಡಿಮೆ ಆಗುತ್ತಿದ್ದರೆ ಅದೂ ಉರಿಯೂತಕ್ಕೆ ಗಾಳಿ ಹಾಕುತ್ತದೆ.

ಇದರಿಂದೆಲ್ಲ ನಿಜವಾಗಿ ಹೃದಯ ಉಳಿಯುತ್ತದೆಯೇ ಎಂದು ಕೇಳಿದರೆ, ನಾನು ಚೀನಾದ ದಾಚಿಂಗ್ ಅಧ್ಯಯನದ ಕಡೆ ಬೆರಳು ತೋರಿಸುತ್ತೇನೆ. 1986ರಲ್ಲಿ ನಿಮ್ಮ ಹಾಗೆ ಅಂಚಿನಲ್ಲಿದ್ದವರನ್ನು ಆರಿಸಿಕೊಂಡು, ಊಟ ಮತ್ತು ವ್ಯಾಯಾಮ ಬದಲಿಸಲು 6 ವರ್ಷ ಸಹಾಯ ಮಾಡಿದರು. 30 ವರ್ಷಗಳ ನಂತರ ನೋಡಿದಾಗ ಅವರಲ್ಲಿ ಹೃದಯ, ರಕ್ತನಾಳದ ಆಘಾತಗಳು 26 ಶೇಕಡಾ ಕಡಿಮೆ, ಅದರಿಂದಾದ ಸಾವು 33 ಶೇಕಡಾ ಕಡಿಮೆ ಇದ್ದವು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಬಗ್ಗೆಯೂ ನೀವು ಕೇಳಿರಬಹುದು. 2023ರ ಸೆಲೆಕ್ಟ್ ಪ್ರಯೋಗದಲ್ಲಿ ಡಯಾಬಿಟಿಸ್ ಇಲ್ಲದ, ಆದರೆ ಹೃದಯದ ಕಾಯಿಲೆ ಮತ್ತು ಜಾಸ್ತಿ ತೂಕ ಇದ್ದ 17,604 ಜನರಲ್ಲಿ ಅದು ಆಘಾತಗಳನ್ನು 20 ಶೇಕಡಾ ಇಳಿಸಿತು. ಅವರಲ್ಲಿ ಸುಮಾರು ಮೂರನೇ ಎರಡು ಭಾಗ ಜನರ ಶುಗರ್ ಪ್ರಿಡಯಾಬಿಟಿಸ್ ಮಟ್ಟದಲ್ಲಿತ್ತು. ಒಳ್ಳೆಯ ಔಷಧಿ. ಆದರೆ ಅವರೆಲ್ಲ ಆಗಲೇ ಹೃದಯದ ಕಾಯಿಲೆ ಬಂದವರು, ಬಿಎಂಐ 27 ದಾಟಿದವರು. ನಿಮಗೆ ಈಗ ಅದರ ಅಗತ್ಯ ಕಾಣುವುದಿಲ್ಲ.

ಬಿಪಿಯನ್ನು ಮನೆಯಲ್ಲೇ ಒಂದು ವಾರ ಬೆಳಿಗ್ಗೆ, ಸಂಜೆ ಅಳೆದು ಬರೆದಿಡಿ. 135/85ಕ್ಕಿಂತ ಮೇಲೇ ಇದ್ದರೆ ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಸ್ಟ್ಯಾಟಿನ್ ಶುರು ಮಾಡಿ ಎಂಟು ವಾರಕ್ಕೆ ಲಿಪಿಡ್ (ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್) ಟೆಸ್ಟ್, ಮೂರು ತಿಂಗಳಿಗೆ ಎಚ್‌ಬಿಎ1ಸಿ. ಅದಕ್ಕೆ ಮುಂಚೆ ಎಚ್‌ಬಿಎ1ಸಿ ಮಾಡಿಸಿ ಉಪಯೋಗವಿಲ್ಲ, ಹಳೆಯ ತಿಂಗಳುಗಳ ಲೆಕ್ಕವೇ ಅದರಲ್ಲಿ ಕಾಣುತ್ತದೆ. ಊಟ ಬದಲಿಸಿದವರಲ್ಲಿ ಟ್ರೈಗ್ಲಿಸರೈಡ್ ಎಲ್ಲಕ್ಕಿಂತ ಮೊದಲು ಇಳಿಯುತ್ತದೆ, ಅದನ್ನು ಗಮನಿಸಿ. ನಿಮಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರೂ ಈ ತಿಂಗಳೇ ಶುಗರ್, ಲಿಪಿಡ್, ಬಿಪಿ ನೋಡಿಸಿಕೊಳ್ಳಲಿ. ತೆಳ್ಳಗಿದ್ದೇವೆ ಎಂದು ಅವರು ಹೇಳಿದರೆ ಮೊದಲು ಟೇಪು ಕೊಡಿ.